ಮೈಕ್ರೋವೇವ್‌ನಲ್ಲಿ ಮೊಟ್ಟೆ ಸಿಡಿಯುವುದು ಹೇಗೆ ನಿಂತಿತು

ಎರಡು ಸಲ ಮೊಟ್ಟೆ ಪಟ್ ಅಂತ ಸಿಡಿದು ಮೈಕ್ರೋವೇವ್ ಒಳಗೆಲ್ಲ ಹಳದಿ ಮೆತ್ತಿಕೊಂಡಿತ್ತು. ಕಾರಣ ಆಮೇಲೆ ಗೊತ್ತಾಯಿತು. ಹಳದಿಯ ಸುತ್ತ ತೆಳು ಪೊರೆ ಇರುತ್ತದೆ, ಅಲ್ವಾ? ಒಳಗೆ ಕಟ್ಟಿದ ಹಬೆಗೆ ದಾರಿ ಸಿಗದೆ ಅದು ಒಡೆಯುತ್ತದೆ.

ಈಗ ಗಾಜಿನ ಕಪ್‌ನಲ್ಲಿ ಅರ್ಧದಷ್ಟು ನೀರು ಹಾಕಿ, ಮೊಟ್ಟೆ ಒಡೆದು ಮೆಲ್ಲಗೆ ಬಿಡುತ್ತೇನೆ. ಅದು ಪೂರ್ತಿ ಮುಳುಗಲೇಬೇಕು. ಹಲ್ಲುಕಡ್ಡಿಯಿಂದ ಹಳದಿಗೆ ಒಂದೇ ಒಂದು ಚುಚ್ಚು. ತೂತು ಸಣ್ಣದಿದ್ದರೆ ಹಳದಿ ಹರಿಯುವುದಿಲ್ಲ, ಹೆದರಬೇಡಿ. ಮೇಲೆ ತಟ್ಟೆ ಮುಚ್ಚಿ ಅರ್ಧ ಪವರ್‌ನಲ್ಲಿ 1 ನಿಮಿಷ. ಆಮೇಲೆ 10 ಸೆಕೆಂಡಿನಂತೆ ನೋಡಿಕೊಂಡು ಬೇಯಿಸುತ್ತೇನೆ. ಆತುರಪಟ್ಟು ಜಾಸ್ತಿ ಬಿಸಿ ಕೊಟ್ಟರೆ ಹಳದಿ ಪುಡಿಪುಡಿ. ಬಿಳಿ ಗಟ್ಟಿಯಾದ ಮೇಲೆ ಅರ್ಧ ನಿಮಿಷ ಹಾಗೇ ಬಿಟ್ಟು, ತೂತಿನ ಸೌಟಿನಲ್ಲಿ ಎತ್ತುತ್ತೇನೆ. ಚಮಚ ತಾಗಿಸಿದರೆ ಹಳದಿ ಜೇನಿನಂತೆ ಇಳಿಯುತ್ತದೆ.