ಸರ್ಚ್‌ನಿಂದ ಬಂದವರು ಮತ್ತೆ ಸರ್ಚ್‌ಗೇ ವಾಪಸ್ ಹೋಗದ ಹಾಗೆ ಮಾಡುವುದು ಹೇಗೆ

ಗೂಗಲ್ ಸರ್ಚ್‌ನಲ್ಲಿ ನಮ್ಮ ಪುಟದ ರ‍್ಯಾಂಕ್ ಕುಸಿದ ದಿನ ನಮ್ಮಲ್ಲಿ ಹೆಚ್ಚಿನವರು ಮೊದಲು ತೆರೆಯುವುದು, ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್. ಬೌನ್ಸ್ ರೇಟ್, ಅಂದರೆ ಬಂದ ಹಾಗೇ ಹೊರಟವರ ಪಾಲು, ಜಾಸ್ತಿ ಕಂಡರೆ ಸಾಕು, ಅದಕ್ಕೇ ಗೂಗಲ್ ಕೆಳಗೆ ತಳ್ಳಿದೆ ಅಂತ ತೀರ್ಮಾನ ಮಾಡಿಬಿಡುತ್ತೇವೆ. ಆ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅನಲಿಟಿಕ್ಸ್ ಲೆಕ್ಕವನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ ಹಲವು ಸಲ ಹೇಳಿದೆ. ಅದೂ ಅಲ್ಲದೆ ಅನಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಜಿಎ4ರಲ್ಲಿ ಒಬ್ಬರು ಒಂದೇ ಪುಟ ನೋಡಿ, 10 ಸೆಕೆಂಡಿನೊಳಗೆ, ನೀವು ಮುಖ್ಯ ಅಂತ ಗುರುತು ಹಾಕಿದ ಯಾವ ಕೆಲಸವನ್ನೂ ಮಾಡದೆ ಹೊರಟರೆ ಅದು ಬೌನ್ಸ್. ಬೇಕಾದ ಒಂದು ಸಾಲಿನ ಉತ್ತರ ಎಂಟೇ ಸೆಕೆಂಡಿನಲ್ಲಿ ಸಿಕ್ಕಿ ನೆಮ್ಮದಿಯಿಂದ ಹೋದವರೂ ಆ ಲೆಕ್ಕದಲ್ಲೇ ಸೇರಿರುತ್ತಾರೆ, ಅಲ್ವಾ?

ನೋಡಬೇಕಾದ್ದು ಬೇರೆ. ಬಂದವರ ಹುಡುಕಾಟ ನಿಮ್ಮ ಪುಟದಲ್ಲೇ ಮುಗಿಯಿತಾ? ಅಥವಾ ಅವರು ಬ್ಯಾಕ್ ಒತ್ತಿ ಸರ್ಚ್ ಪಟ್ಟಿಗೆ ಮರಳಿ ಇನ್ನೊಬ್ಬರ ಲಿಂಕ್ ತೆರೆದರಾ? ಇದು ನಡೆಯುವುದು ಸರ್ಚ್ ಇಂಜಿನ್‌ನ ಸ್ವಂತ ಪುಟದಲ್ಲಿ, ಹಾಗಾಗಿ ಅದನ್ನು ಗಮನಿಸಲು ಅದಕ್ಕೆ ನಿಮ್ಮ ಅನಲಿಟಿಕ್ಸ್ ಬೇಕಾಗಿಯೇ ಇಲ್ಲ. ಗೂಗಲ್ ಮೇಲೆ ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ, 2023ರಲ್ಲಿ, ಗೂಗಲ್ ಸರ್ಚ್‌ನ ಪಾಂಡು ನಾಯಕ್ ಸಾಕ್ಷಿ ಹೇಳುವಾಗ ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆಯ ವಿವರ ಹೊರಬಂತು. ಯಾವ ಹುಡುಕಾಟಕ್ಕೆ ಜನ ಯಾವ ಲಿಂಕ್ ಒತ್ತಿದರು ಅನ್ನುವ 13 ತಿಂಗಳ ಲೆಕ್ಕವನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಮರುವರ್ಷ ಸೋರಿಕೆಯಾದ ಗೂಗಲ್‌ನ ದಾಖಲೆಗಳಲ್ಲಿ ಗುಡ್ ಕ್ಲಿಕ್ಸ್, ಬ್ಯಾಡ್ ಕ್ಲಿಕ್ಸ್, ಲಾಸ್ಟ್ ಲಾಂಗೆಸ್ಟ್ ಕ್ಲಿಕ್ಸ್ ಎಂಬ ಹೆಸರುಗಳೇ ಇದ್ದವು. ಯಾವುದಕ್ಕೆ ಎಷ್ಟು ತೂಕ ಅಂತ ಅವು ಹೇಳುವುದಿಲ್ಲ. ಮೈಕ್ರೋಸಾಫ್ಟ್‌ನ ಸರ್ಚ್ ಇಂಜಿನ್ ಬಿಂಗ್ ಅಂತೂ ಮುಚ್ಚಿಟ್ಟೇ ಇಲ್ಲ: ಜನ ಕ್ಲಿಕ್ ಮಾಡಿದರಾ, ಅಲ್ಲಿ ಸಮಯ ಕಳೆದರಾ, ಬೇಗ ವಾಪಸ್ ಬಂದರಾ ಅಂತ ನೋಡುತ್ತೇವೆ ಎಂದು ತನ್ನ ವೆಬ್‌ಮಾಸ್ಟರ್ ಮಾರ್ಗಸೂಚಿಯಲ್ಲೇ ಬರೆದಿದೆ.

ಈಗ ಕೆಲಸಕ್ಕೆ ಬನ್ನಿ. ನಿಮ್ಮ ಸೈಟ್ ಗೂಗಲ್ ಸರ್ಚ್‌ನಲ್ಲಿ ಹೇಗಿದೆ ಅಂತ ತೋರಿಸುವ ಗೂಗಲ್‌ನ ಉಪಕರಣ ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ವರದಿ ತೆರೆಯಿರಿ, ಪೇಜಸ್‌ನಲ್ಲಿ ಕುಸಿದ ಪುಟವನ್ನು ಆರಿಸಿ, ಆಮೇಲೆ ಕ್ವೆರೀಸ್ ನೋಡಿ. ಜನ ನಿಜವಾಗಿ ಯಾವ ಪದಗಳನ್ನು ಟೈಪ್ ಮಾಡಿ ಬಂದಿದ್ದಾರೆ ಅಂತ ಅಲ್ಲಿದೆ. ಮೊದಲ ಹತ್ತು ಕ್ವೆರಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಪುಟದ ಟೈಟಲ್ ಬರೆಯಿರಿ. ಇಂಪ್ರೆಷನ್, ಅಂದರೆ ಸರ್ಚ್ ಪಟ್ಟಿಯಲ್ಲಿ ಪುಟ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ, ತುಂಬಾ ಇದ್ದು, ಪಟ್ಟಿಯಲ್ಲಿ ಜಾಗವೂ ಮೇಲೇ ಇದ್ದು, ಕ್ಲಿಕ್ ಮಾತ್ರ ಕಡಿಮೆ ಇದ್ದರೆ ಟೈಟಲ್ ಜನರ ಪ್ರಶ್ನೆಗೆ ಹೊಂದುತ್ತಿಲ್ಲ ಅಂತ ಅನುಮಾನಿಸಿ. ಆದರೆ ಕ್ಲಿಕ್ ಬರಲಿ ಅಂತ ಪುಟದಲ್ಲಿ ಇಲ್ಲದ್ದನ್ನು ಟೈಟಲ್‌ನಲ್ಲಿ ಸೇರಿಸಬೇಡಿ, ಹಾಗೆ ಬಂದವರೇ ಎಲ್ಲರಿಗಿಂತ ಬೇಗ ವಾಪಸ್ ಹೋಗುವವರು.

ಇನ್ನು ನನಗೆ ಅತಿ ಮುಖ್ಯ ಅನ್ನಿಸುವ ಕೆಲಸ. ಫೋನ್ ಕೈಗೆ ತೆಗೆದುಕೊಳ್ಳಿ, ಆ ಹತ್ತು ಕ್ವೆರಿಗಳಲ್ಲಿ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ವಂತ ಪುಟ ತೆರೆಯಿರಿ, ಸ್ಕ್ರೋಲ್ ಮಾಡದೆ ಏನು ಕಾಣುತ್ತದೆ ನೋಡಿ. ಒಬ್ಬರು ‘ಫೋಟೊ ಸೈಜ್ ಕಡಿಮೆ ಮಾಡುವುದು ಹೇಗೆ’ ಅಂತ ಕೇಳಿಕೊಂಡು ಬಂದಿದ್ದಾರೆ ಅಂದುಕೊಳ್ಳಿ. ಅವರಿಗೆ ಮೊದಲು ಸಿಗುವುದು ಡಿಜಿಟಲ್ ಫೋಟೊಗಳ ಮಹತ್ವದ ಬಗ್ಗೆ ನಾಲ್ಕು ಪ್ಯಾರಾ, ಆಮೇಲೆ ಒಂದು ಜಾಹೀರಾತು, ಅದಾದ ಮೇಲೆ ಉತ್ತರ. ಅಷ್ಟು ದೂರ ಯಾರೂ ಬರುವುದಿಲ್ಲ. ಅವರು ಅರ್ಜೆಂಟಾಗಿ ಏನೋ ಅಪ್‌ಲೋಡ್ ಮಾಡಬೇಕಾಗಿರುತ್ತದೆ, ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡಿ. ಉತ್ತರವನ್ನು ಎಲ್ಲಕ್ಕಿಂತ ಮೇಲಿಡಿ. ಯಾಕೆ, ಬೇರೆ ದಾರಿ ಏನು, ಎಲ್ಲಿ ಎಡವಬಹುದು ಅನ್ನುವುದೆಲ್ಲ ಕೆಳಗೆ ಬರಲಿ. ಉತ್ತರ ಮೊದಲೇ ಕೊಟ್ಟರೆ ಜನ ಹೊರಟುಹೋಗುತ್ತಾರೆ ಅನ್ನುವ ಭಯ ಹಲವರಿಗಿದೆ. ಹೋಗಲಿ ಬಿಡಿ, ಕೆಲಸ ಮುಗಿಸಿಕೊಂಡು ಹೋದವರು ಇನ್ನೊಂದು ಲಿಂಕ್ ಹುಡುಕುವುದಿಲ್ಲ.

ಉತ್ತರ ಮೇಲಿದ್ದೂ ಪುಟ ತೆರೆಯಲು ತಡವಾದರೆ ಪ್ರಯೋಜನವಿಲ್ಲ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಪುಟದ ವಿಳಾಸ ಹಾಕಿ ಮೂರು ಅಂಕಿ ನೋಡಿ. ಮುಖ್ಯ ಭಾಗ ಕಾಣಿಸಲು ತಗಲುವ ಸಮಯ, ಅಂದರೆ ಎಲ್‌ಸಿಪಿ, 2.5 ಸೆಕೆಂಡಿನೊಳಗಿರಬೇಕು. ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಸಮಯ, ಐಎನ್‌ಪಿ, 200 ಮಿಲಿಸೆಕೆಂಡ್ ಮೀರಬಾರದು. ತೆರೆದ ಪುಟದಲ್ಲಿನ ಭಾಗಗಳು ಇದ್ದಕ್ಕಿದ್ದಂತೆ ಎಷ್ಟು ಜಿಗಿಯುತ್ತವೆ ಅನ್ನುವ ಸಿಎಲ್‌ಎಸ್ 0.1ಕ್ಕಿಂತ ಹೆಚ್ಚಾಗಬಾರದು. ನಿಮ್ಮ ಪುಟಕ್ಕೆ ಸಾಕಷ್ಟು ಜನ ಬರುತ್ತಿದ್ದರೆ ಅಲ್ಲಿ ಕ್ರೋಮ್ ಬಳಸುವವರ ಕಳೆದ 28 ದಿನಗಳ ನಿಜವಾದ ಅನುಭವವೂ ಕಾಣುತ್ತದೆ, ಗೂಗಲ್ ಪರಿಗಣಿಸುವುದು ಅದನ್ನೇ. ನಿಮ್ಮ ವೇಗದ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತೆ ಅಂತ ಸುಮ್ನೆ ಕೂರಬೇಡಿ. ಪುಟದ ಕೋಡ್‌ನಲ್ಲಿ ಚಿತ್ರಗಳಿಗೆ ಅಗಲ, ಎತ್ತರ ಬರೆದರೆ ಮತ್ತು ಜಾಹೀರಾತಿಗೆ ಮೊದಲೇ ಜಾಗ ಬಿಟ್ಟರೆ ಜಿಗಿತ ಬಹಳಷ್ಟು ನಿಲ್ಲುತ್ತದೆ. ಬಂದ ಕೂಡಲೇ ಇಡೀ ಪರದೆ ಮುಚ್ಚುವ ಪಾಪ್‌ಅಪ್ ತೆಗೆದುಹಾಕಿ. ಮೊಬೈಲ್‌ನಲ್ಲಿ ಹಾಗೆ ಮಾಡುವ ಪುಟಗಳನ್ನು ಗೂಗಲ್ 2017ರ ಜನವರಿಯಿಂದಲೇ ಕೆಳಗಿಳಿಸಬಹುದು ಅಂತ ಹೇಳಿದೆ.

ದುಡ್ಡು ಕೊಟ್ಟರೆ ಕ್ಲಿಕ್ ಮಾಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಆ ಕ್ಲಿಕ್‌ಗಳು ಓದುಗರಲ್ಲ, ಸರ್ಚ್ ಇಂಜಿನ್‌ಗಳು ಅವುಗಳನ್ನು ಸೋಸಲು ಕಷ್ಟಪಟ್ಟು ಕೆಲಸ ಮಾಡುತ್ತವೆ. ಬ್ಯಾಕ್ ಬಟನ್ ಕೆಲಸ ಮಾಡದ ಹಾಗೆ ಕೋಡ್ ಬರೆಯುವುದೂ ಅಷ್ಟೇ ಕೆಟ್ಟದ್ದು.

ಒಂದು ಸಲಕ್ಕೆ ಒಂದೇ ಪುಟ ತಿದ್ದಿ, ತಾರೀಕು ಬರೆದಿಡಿ. ಕನಿಷ್ಠ 28 ದಿನ ಬಿಟ್ಟು ಕನ್ಸೋಲ್‌ನ ಕಂಪೇರ್‌ನಲ್ಲಿ ಹಿಂದಿನ 28 ದಿನಗಳ ಜೊತೆ ಹೋಲಿಸಿ. ಇಂಪ್ರೆಷನ್, ಜಾಗ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ಸರ್ಚ್ ಪುಟದಲ್ಲೇ ಎಐ ಉತ್ತರವೋ ಜಾಹೀರಾತೋ ಹೊಸದಾಗಿ ಬಂದಿದೆಯಾ ಅಂತ ಕಣ್ಣಾರೆ ನೋಡಿ. ಬಂದಿದ್ದರೆ ಅದು ನಿಮ್ಮ ಪುಟದ ತಪ್ಪಲ್ಲ, ಅಲ್ಲಿ ಲೇಖನ ತಿದ್ದುತ್ತಾ ಕೂತರೆ ಸಮಯ ಹಾಳು. ಬದಲಿಗೆ ಆ ಕ್ವೆರಿ ಪಟ್ಟಿಗೆ ಮತ್ತೆ ಹೋಗಿ, ನಿಮ್ಮ ಪುಟ ಅರ್ಧಂಬರ್ಧ ಉತ್ತರ ಕೊಡುತ್ತಿರುವ ಒಂದು ಪ್ರಶ್ನೆಯನ್ನು ಆರಿಸಿ, ಅದಕ್ಕೇ ಬೇರೆ ಪುಟ ಬರೆದು ಹಳೆಯದರಿಂದ ಲಿಂಕ್ ಕೊಡಿ.