ಭಟ್ಟಿಯ ಬಿಸಿಗೆ ಬಗ್ಗದ ವಿಡಿಯೋ ಬೋರ್ಡು: ಸರ್ಕ್ಯೂಟ್ ಲೇಔಟ್ ಹಾಕುವ ಕ್ರಮ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಒಂದು ಕ್ಯಾಮೆರಾದ ಸಿಗ್ನಲ್ಲನ್ನು ಎರಡು ಟಿವಿಗೆ ಹಂಚುವ ಬೋರ್ಡು ಕೂರುವುದು ತಗಡಿನ ಚಾವಣಿಯ ಕೆಳಗೆ. ಏಪ್ರಿಲ್ ಮಧ್ಯಾಹ್ನ ಹೊರಗೇ 40 ಡಿಗ್ರಿ ಆಸುಪಾಸು, ಮುಚ್ಚಿದ ಡಬ್ಬಿಯೊಳಗೆ ಇನ್ನೊಂದು 15 ಸೇರಿಸಿ 55 ಎಂದೇ ಲೆಕ್ಕ ಹಿಡಿಯಿರಿ. ಗಾಳಿಗೆಂದು ತೂತು ಕೊರೆದರೆ ಬೂದಿ ಒಳಗೆ ಬಂದು ಕೂರುತ್ತದೆ. ಅಲ್ಯೂಮಿನಿಯಂ ಡಬ್ಬಿ ಮುಚ್ಚಿಯೇ ಇರಲಿ. ಶಾಖವನ್ನು ತಾಮ್ರದ ದಾರಿಯಲ್ಲೇ ಅದರ ಗೋಡೆಗೆ ಮುಟ್ಟಿಸಬೇಕು.

ಮೊದಲು ಲೆಕ್ಕ. ಬೋರ್ಡು 300 ಮಿಲಿಆಂಪ್ ಎಳೆಯುತ್ತದೆ ಎನ್ನಿ. 12 ವೋಲ್ಟನ್ನು 1117 ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿ ಇಳಿಸುವ ಐಸಿ) ಒಂದರಿಂದಲೇ 5ಕ್ಕೆ ಇಳಿಸಿದರೆ 7 × 0.3 = 2.1 ವ್ಯಾಟ್ ಶಾಖ. ಸಾಧಾರಣ ತಾಮ್ರದ ಮೇಲೆ ವ್ಯಾಟಿಗೆ ಸುಮಾರು 60 ಡಿಗ್ರಿ ಏರುತ್ತದೆ. 55ಕ್ಕೆ 126 ಕೂಡಿಸಿದರೆ ಅದು ಉಳಿಯುವ ಮಾತೇ ಇಲ್ಲ. ಬರೀ ಬಕ್ ಕನ್ವರ್ಟರ್ (ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಹಾಕಿದರೆ ಅದರ ಸದ್ದು, ಅಂದರೆ ವಿದ್ಯುತ್ತಿನ ಏರಿಳಿತ, ಪರದೆಯ ಮೇಲೆ ಓರೆ ಗೆರೆಗಳಾಗಿ ಕಾಣಬಹುದು. ಬಕ್‌ನಿಂದ 6.5 ವೋಲ್ಟ್ ಮಾಡಿ, ಅಲ್ಲಿಂದ 1117ರಲ್ಲಿ 5ಕ್ಕೆ ಇಳಿಸಿ. ಆಗ 1117ರ ಪಾಲಿಗೆ 0.45 ವ್ಯಾಟ್ ಮಾತ್ರ. ಸುಮಾರು 82 ಡಿಗ್ರಿಗೆ ನಿಲ್ಲುತ್ತದೆ.

ಬಹಳ ಮಂದಿ ಎಡವುವುದು ಇಲ್ಲಿ: 1117ರ ಅಗಲವಾದ ಟ್ಯಾಬ್ ಗ್ರೌಂಡ್ ಅಲ್ಲ, ಔಟ್‌ಪುಟ್. ಗ್ರೌಂಡ್ ಪ್ಲೇನಿಗೆ (ಬೋರ್ಡಿನ ತುಂಬ ಹಾಸಿದ ಗ್ರೌಂಡ್ ತಾಮ್ರ) ಸೇರಿಸಿದರೆ 5 ವೋಲ್ಟ್ ನೇರ ಶಾರ್ಟ್. ಬೋರ್ಡಿನ ಎರಡೂ ಬದಿಗೆ 20 × 20 ಮಿ.ಮೀ. ಪ್ರತ್ಯೇಕ ತಾಮ್ರದ ತುಂಡು ಬಿಡಿ. ಟ್ಯಾಬಿನ ಸುತ್ತ 0.3 ಮಿ.ಮೀ. ವಯಾ (ಎರಡೂ ಬದಿಯ ತಾಮ್ರ ಸೇರಿಸುವ ತೂತು) ಹನ್ನೆರಡು, 1.2 ಮಿ.ಮೀ. ಅಂತರದಲ್ಲಿ. ಟ್ಯಾಬಿನ ಅಡಿಯಲ್ಲೇ ಇಟ್ಟರೆ ಬೆಸುಗೆಯೆಲ್ಲ ತೂತಿನೊಳಗೆ ಇಳಿದುಹೋಗುತ್ತದೆ. ಕೆಳಗಿನ ತುಂಡಿಗೂ ಡಬ್ಬಿಯ ಗೋಡೆಗೂ ನಡುವೆ ಕರೆಂಟ್ ಹಾಯದ ಸಿಲಿಕೋನ್ ಪ್ಯಾಡ್ ಒತ್ತಿ ಕೂರಿಸಿ.

ಈ ತುಂಡು ಬೋರ್ಡಿನ ಅಂಚಿನಲ್ಲೇ ಇರಬೇಕು. ನಡುವೆ ಬಂದರೆ ಕೆಳಗಿನ ಗ್ರೌಂಡ್ ಎರಡಾಗಿ ಸೀಳುತ್ತದೆ. ವಿಡಿಯೋ ಗೆರೆ ಆ ಸೀಳನ್ನು ದಾಟಿದರೆ ವಾಪಸ್ ಕರೆಂಟು ಸುತ್ತಿಕೊಂಡು ಬರಬೇಕು, ಬಕ್‌ನ ಸದ್ದನ್ನೂ ಹೊತ್ತು ತರುತ್ತದೆ. ಶಾಖಕ್ಕೆಂದು ಮಾಡಿದ ಉಪಾಯವೇ ಚಿತ್ರ ಕೆಡಿಸುವುದು ಹೀಗೆ. 1.6 ಮಿ.ಮೀ. ಎಫ್‌ಆರ್4 (ಗಾಜಿನ ನಾರಿನ) ಎರಡು ಪದರದ ಬೋರ್ಡಿನಲ್ಲಿ ವಿಡಿಯೋ ಕೇಬಲ್ಲಿಗೆ ಹೊಂದುವ 75 ಓಮ್ ಗೆರೆ ಸುಮಾರು 1.4 ಮಿ.ಮೀ. ಅಗಲ. ಐದು ಸೆಂ.ಮೀ. ಉದ್ದದಲ್ಲಿ ಅಗಲ ತುಸು ಹೆಚ್ಚುಕಡಿಮೆಯಾದರೆ ನಡೆದೀತು, ಅದರಡಿಯ ಗ್ರೌಂಡ್ ಸೀಳಿದರೆ ನಡೆಯದು.

ಸಿಗ್ನಲ್ಲನ್ನು ಟಿವಿಗೆ ಕಳಿಸುವ ಆಂಪ್ಲಿಫೈಯರಿನ ಗೇನ್ (ಹಿಗ್ಗಿಸುವ ಪಟ್ಟು) 2 ಇರಲಿ; ಅದರ ಮುಂದಿನ 75 ಓಮ್ ರೆಸಿಸ್ಟರ್ ಸಿಗ್ನಲ್ಲಿನ ಅರ್ಧ ತಿನ್ನುತ್ತದೆ. ಆ ರೆಸಿಸ್ಟರ್ ಐಸಿಯ ಔಟ್‌ಪುಟ್ ಕಾಲಿಗೆ ಅಂಟಿಕೊಂಡಂತಿರಲಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಪ್ಲೈ ಕಾಲಿನಿಂದ 3 ಮಿ.ಮೀ. ಒಳಗೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ 105 ಡಿಗ್ರಿಯದ್ದೇ ಕೊಳ್ಳಿ, ರೆಗ್ಯುಲೇಟರಿನಿಂದ 15 ಮಿ.ಮೀ. ದೂರವಿಡಿ. 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ.

ಟ್ಯಾಬನ್ನು ತಾಮ್ರದ ತುಂಡಿಗೆ ಬಿಡುವಿಲ್ಲದೆ ನೇರವಾಗಿ ಸೇರಿಸಿ. ವಿಡಿಯೋ ಕೇಬಲ್ ಕೂರುವ ಬಿಎನ್‌ಸಿ ಕನೆಕ್ಟರಿನ ಗ್ರೌಂಡ್ ಕಾಲುಗಳಿಗೆ ಮಾತ್ರ ಥರ್ಮಲ್ ರಿಲೀಫ್ (ಸಣ್ಣ ತಾಮ್ರದ ಕಡ್ಡಿಗಳಿಂದಷ್ಟೇ ಪ್ಲೇನಿಗೆ ಸೇರಿಸುವ ಬಿಡುವು) ಬಿಡಿ. ಇಲ್ಲದಿದ್ದರೆ ಪ್ಲೇನು ಕಾವನ್ನೆಲ್ಲ ಎಳೆದುಕೊಂಡು, ಬೆಸುಗೆ ಸರಿಯಾಗಿ ಹಿಡಿಯದೆ ಡ್ರೈ ಸೋಲ್ಡರ್ ಆಗುತ್ತದೆ.

ಪರೀಕ್ಷೆಗೆ ಮಲ್ಟಿಮೀಟರಿನ ಕೆ-ಟೈಪ್ ಥರ್ಮೋಕಪಲ್ಲನ್ನು (ಬಿಸಿ ಅಳೆಯುವ ತಂತಿ) ಟ್ಯಾಬಿಗೆ ಕಾವು ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಅಂಟಿಸಿ, ಮುಚ್ಚಳ ಹಾಕಿ, ಎರಡೂ ಟಿವಿ ಸೇರಿಸಿ ಒಂದು ಗಂಟೆ ಓಡಿಸಿ. ಕೋಣೆ 30 ಡಿಗ್ರಿ ಇದ್ದರೆ, ಏಪ್ರಿಲಿನ 40ಕ್ಕೆ ಸರಿಹೊಂದಲು ಬಂದ ಅಂಕಿಗೆ 10 ಕೂಡಿಸಿ. 90 ದಾಟಿದರೆ ಮೊದಲು ಪ್ಯಾಡ್ ಗೋಡೆಗೆ ಪೂರ್ತಿ ಒತ್ತಿದೆಯೇ ನೋಡಿ, ಆಮೇಲೆ ಬಕ್‌ನ 6.5 ವೋಲ್ಟ್ ಅಳೆಯಿರಿ.