ನಿಮ್ಮ ಊರಿನ ದುಡಿಮೆಯಲ್ಲಿ ಪಾಲಿಕೆಗೆ ಎಷ್ಟು ಸೇರುತ್ತದೆ? ಲೆಕ್ಕ ಹಾಕುವುದು ಹೀಗೆ

ಸಂಜೆ ಆರರ ಮೇಲೆ ದಾವಣಗೆರೆಯ ಯಾವ ಸರ್ಕಲ್‌ನಲ್ಲಾದರೂ ಹತ್ತು ನಿಮಿಷ ನಿಂತುಕೊಳ್ಳಿ. ಒಂದು ಕಡೆ ಮಿರ್ಚಿ ಬಾಣಲೆ, ಇನ್ನೊಂದು ಕಡೆ ಮಂಡಕ್ಕಿ ಗುಡ್ಡೆ, ನಿಲ್ಲೋಕೆ ಜಾಗ ಇರಲ್ಲ. ಮೊನ್ನೆ ಹಾಗೆ ನಿಂತು ತಿನ್ನುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು, "ಇಷ್ಟು ವ್ಯಾಪಾರ ಆಗುತ್ತಲ್ರೀ, ಇದರಲ್ಲಿ ಪಾಲಿಕೆಗೆ ಎಷ್ಟು ಹೋಗುತ್ತೆ?" ಜಾಸ್ತಿನೇ ಹೋಗಬೇಕು ಅಂತ ನಾನೂ ತಲೆ ಆಡಿಸಿದೆ. ಮನೆಗೆ ಬಂದು ಕೂತು ಲೆಕ್ಕ ಹಾಕಿದರೆ ನಾನು ಅಂದುಕೊಂಡಿದ್ದು ಪೂರ್ತಿ ತಪ್ಪು.

ಊರಿನ ದುಡಿಮೆಯ ಕಾಲುವೆ ಬೇರೆ, ಊರಿನ ಆಡಳಿತಕ್ಕೆ ದುಡ್ಡು ಬರುವ ಕಾಲುವೆ ಬೇರೆ. ಎರಡೂ ಕೂಡುವ ಜಾಗ ಬಹಳ ಕಡಿಮೆ. ಇದನ್ನು ನಂಬಬೇಡಿ, ನೀವೇ ಲೆಕ್ಕ ಹಾಕಿ ನೋಡಿ. ಬೇಕಾಗಿರುವುದು ಒಂದು ನೋಟ್‌ಬುಕ್ಕು, ಮನೆ ಕಂದಾಯದ ರಸೀದಿ, ಪಾಲಿಕೆಯ ಬಜೆಟ್ ಪುಸ್ತಕ, ಮತ್ತೆ ಒಂದು ಭಾನುವಾರ.

ಹೆಜ್ಜೆ 1: ಊರಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಬರೆಯಿರಿ

ಸರ್ಕಾರಿ ಅಂಕಿಸಂಖ್ಯೆಯಿಂದ ಶುರು ಮಾಡಬೇಡಿ, ಬೀದಿಯಿಂದ ಶುರು ಮಾಡಿ. ಯಾಕೆ ಅಂದರೆ ದೇಶದ ಉದ್ಯೋಗ ಸಮೀಕ್ಷೆಯಲ್ಲಿ ವಾರದ ಲೆಕ್ಕ ಅಂತ ಒಂದಿದೆ. ಆ ವಾರದಲ್ಲಿ ಯಾವುದೋ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ನೀವು ಉದ್ಯೋಗಸ್ಥರು. ಗಂಡನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವ ಹೆಂಡತಿಯೂ ಅದರಲ್ಲಿ ಉದ್ಯೋಗಸ್ಥೆ. ಆ ಲೆಕ್ಕ ತಪ್ಪು ಅಂತಲ್ಲ. ಆದರೆ ನಮ್ಮ ಪ್ರಶ್ನೆಗೆ ಅದು ಸಾಲದು. ಕೆಲಸ ಇದೆಯಾ ಅನ್ನುವುದಕ್ಕಿಂತ ಎಂಥ ಕೆಲಸ ಅನ್ನುವುದು ಇಲ್ಲಿ ಮುಖ್ಯ.

ಪುಟದಲ್ಲಿ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಕೆಲಸ, ವರ್ಷದಲ್ಲಿ ಎಷ್ಟು ತಿಂಗಳು, ಕೂಲಿಯೋ ಸಂಬಳವೋ ಸ್ವಂತದ್ದೋ, ಎಲ್ಲಿ ಕೂತು ಮಾಡುತ್ತಾರೆ. ದಾವಣಗೆರೆಯಲ್ಲಾದರೆ ಪಟ್ಟಿ ಹೀಗೆ ಬೆಳೆಯುತ್ತದೆ: ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಎಪಿಎಂಸಿ ಹಮಾಲರು, ಬೆಣ್ಣೆ ದೋಸೆ ಹೋಟೆಲು, ಬಟ್ಟೆ ಅಂಗಡಿ, ಆಟೋ, ಕಟ್ಟಡ ಕೆಲಸ, ಕಾಲೇಜು, ಆಸ್ಪತ್ರೆ. ಚಿತ್ರದುರ್ಗದ ಕಡೆಯವರು ಚಳ್ಳಕೆರೆಯ ಎಣ್ಣೆ ಗಿರಣಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗ, ಅದಿರು ಲಾರಿ ಸೇರಿಸಿಕೊಳ್ಳಿ.

ತಿಂಗಳ ಕಾಲಂ ಬಿಡಬೇಡಿ. ಭದ್ರಾ ನಾಲೆಗೆ ನೀರು ಬಿಟ್ಟರೆ ಭತ್ತದ ನಾಟಿ ಕೆಲಸ, ಬಿಡದಿದ್ದರೆ ಆ ಕೂಲಿ ಇಲ್ಲ. ಮೆಕ್ಕೆಜೋಳ ಬರುವ ತಿಂಗಳುಗಳಲ್ಲಿ ಎಪಿಎಂಸಿಯಲ್ಲಿ ಹಮಾಲರಿಗೆ ಉಸಿರಾಡೋಕೆ ಬಿಡುವಿರಲ್ಲ, ಆಮೇಲೆ ಅದೇ ಜನ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕೆಲಸವೂ ಅಷ್ಟೇ, ಸೀಸನ್ ಇದ್ದಾಗ ಮಾತ್ರ.

ಹೆಜ್ಜೆ 2: ಒಂದೊಂದು ಕೆಲಸದ ಹಿಂದೆ ಹೋಗಿ ದುಡ್ಡು ಎಲ್ಲಿ ಇಳಿಯುತ್ತದೆ ನೋಡಿ

ನನಗೆ ಜಾಸ್ತಿ ಹೊತ್ತು ಹಿಡಿದ ಭಾಗ ಇದು.

ಮೊದಲು ಮಂಡಕ್ಕಿ. ಸಡಿಲವಾಗಿ ಅಳೆದು ಕೊಡುವ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿ ಮಾರುವುದಕ್ಕೆ 2022ರ ಜುಲೈ 18ರಿಂದ ಶೇ 5 ಬಂತು. ಅದು ಹೋಗುವುದು ಕೇಂದ್ರಕ್ಕೆ ಮತ್ತು ರಾಜ್ಯಕ್ಕೆ. ಅದರಲ್ಲೂ ಜಿಎಸ್‌ಟಿ ಸರಕು ತಯಾರಾದ ರಾಜ್ಯಕ್ಕಲ್ಲ, ಖರ್ಚಾದ ರಾಜ್ಯಕ್ಕೆ ಸೇರುವ ತೆರಿಗೆ. ನಮ್ಮ ಮಂಡಕ್ಕಿಯ ಪ್ಯಾಕೆಟ್ಟು ಹೊರರಾಜ್ಯದಲ್ಲಿ ಮಾರಾಟವಾದರೆ ರಾಜ್ಯದ ಪಾಲೂ ಅಲ್ಲಿಗೇ. ಭಟ್ಟಿಯ ಬಿಸಿಯಲ್ಲಿ ನಿಂತು ದುಡಿದವರು ಇಲ್ಲಿಯವರು, ಕಸ, ನೀರು, ರಸ್ತೆ ನೋಡಿಕೊಳ್ಳಬೇಕಾದ ಪಾಲಿಕೆಯೂ ಇಲ್ಲಿಯದು. ಆ ಪಾಲಿಕೆಗೆ ಸಿಗುವುದು ಭಟ್ಟಿ ನಿಂತ ಕಟ್ಟಡದ ಕಂದಾಯ, ಜೊತೆಗೆ ಉದ್ದಿಮೆ ಪರವಾನಗಿ ಶುಲ್ಕ, ನೀರಿನ ಕಂದಾಯ. ಅಷ್ಟೇ.

ಈಗ ಸಂಬಳದವರು. ತಿಂಗಳಿಗೆ ₹25,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಂಬಳದಲ್ಲಿ ವೃತ್ತಿ ತೆರಿಗೆ ₹200 (ಫೆಬ್ರವರಿಯಲ್ಲಿ ₹300) ಹಿಡಿಯುತ್ತಾರೆ, ನಿಮಗೆ ಗೊತ್ತಿರುತ್ತದೆ. ಇದು ಊರಿನ ದುಡಿಮೆಗೆ ನೇರವಾಗಿ ಅಂಟಿಕೊಂಡ ತೆರಿಗೆ, ಹೌದಲ್ಲ? ಆದರೆ ಕರ್ನಾಟಕದಲ್ಲಿ ಅದು ಹೋಗುವುದು ರಾಜ್ಯದ ಖಜಾನೆಗೆ. ಪಕ್ಕದ ತಮಿಳುನಾಡು, ಕೇರಳಗಳಲ್ಲಿ ಇದೇ ತೆರಿಗೆಯನ್ನು ಸ್ಥಳೀಯ ಸಂಸ್ಥೆಗಳೇ ವಸೂಲಿ ಮಾಡುತ್ತವೆ. ಅಂದರೆ ಅಲ್ಲಿ ಊರಿಗೆ ನೂರು ಹೊಸ ಸಂಬಳದ ಕೆಲಸ ಬಂದರೆ ಪುರಸಭೆಯ ಪುಸ್ತಕದಲ್ಲೂ ಒಂದು ಸಾಲು ಏರುತ್ತದೆ. ಇಲ್ಲಿ ಏರುವುದು ಬೆಂಗಳೂರಿನ ಪುಸ್ತಕದಲ್ಲಿ. ಸಂವಿಧಾನದ 276ನೇ ವಿಧಿ ಇದಕ್ಕೆ ವರ್ಷಕ್ಕೆ ₹2,500ರ ಮಿತಿ ಹಾಕಿದೆ, ಹಾಗಾಗಿ ಸಂಬಳ ಲಕ್ಷ ದಾಟಿದರೂ ಇದು ಬೆಳೆಯುವುದಿಲ್ಲ.

ಎಪಿಎಂಸಿಯಲ್ಲಿ ಕೈ ಬದಲಾಗುವ ಮೆಕ್ಕೆಜೋಳದ ಮೇಲಿನ ಮಾರುಕಟ್ಟೆ ಶುಲ್ಕ ಎಪಿಎಂಸಿಗೆ. ಪಾಲಿಕೆಗೆ ಬರುವುದು ಆ ಲಾರಿಗಳು ಓಡಾಡಿದ ರಸ್ತೆ!

ಮೊದಲು ಹೀಗಿರಲಿಲ್ಲ. ಊರಿಗೆ ಸರಕು ಬರುವಾಗಲೇ ಆಕ್ಟ್ರಾಯ್ ವಸೂಲಿ ಮಾಡುವ ಸುಂಕದ ಕಟ್ಟೆ ಇರುತ್ತಿತ್ತು. ಪೇಟೆ ಜೋರಾದರೆ ಪುರಸಭೆಯ ಪೆಟ್ಟಿಗೆಯೂ ತುಂಬುತ್ತಿತ್ತು. ಅದರ ಹೆಸರಲ್ಲಿ ಲಾರಿ ನಿಲ್ಲಿಸಿ ಸತಾಯಿಸುವುದೂ ನಡೆಯುತ್ತಿತ್ತು, ವ್ಯಾಪಾರಸ್ಥರಿಗೆ ಅದು ದೊಡ್ಡ ತಲೆನೋವು. 1979ರಲ್ಲಿ ಕರ್ನಾಟಕ ಅದನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಆದರೆ ಪೇಟೆಗೂ ಪುರಸಭೆಗೂ ಇದ್ದ ಒಂದು ದೊಡ್ಡ ಕೊಂಡಿ ಕಳಚಿದ್ದು ಅವತ್ತು.

ಗಡಿಯ ವಿಷಯವನ್ನೂ ಬರೆದುಕೊಳ್ಳಿ. ಹರಿಹರದಿಂದ ತುಂಗಭದ್ರಾ ಸೇತುವೆ ದಾಟಿದರೆ ಕುಮಾರಪಟ್ಟಣ. ದೊಡ್ಡ ಕಾರ್ಖಾನೆ ಆ ದಡದಲ್ಲಿ, ಅದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕು. ಈ ದಡದಿಂದ ಶಿಫ್ಟಿಗೆ ಹೋಗಿ ಬರುವವರು ಇರುವುದು ದಾವಣಗೆರೆ ಜಿಲ್ಲೆಯಲ್ಲಿ. ಕೆಲಸ ಅಲ್ಲಿ, ಮನೆ ಇಲ್ಲಿ. ಕಾರ್ಖಾನೆಯ ಕಟ್ಟಡದ ತೆರಿಗೆ ಆ ಕಡೆಯ ಸ್ಥಳೀಯ ಸಂಸ್ಥೆಗೆ, ಕಾರ್ಮಿಕರ ಮನೆಯ ಕಂದಾಯ ಮತ್ತು ಅವರ ಮನೆಯ ಕಸ ಎರಡೂ ಹರಿಹರ ನಗರಸಭೆಗೆ. ನಡುವೆ ಇರುವುದು ಒಂದು ನದಿ ಅಷ್ಟೇ.

ಚಿತ್ರದುರ್ಗದವರಿಗೆ ಗಣಿ ಇದೆ. ರಾಜಧನ, ಅಂದರೆ ಅದಿರು ತೆಗೆದದ್ದಕ್ಕೆ ಗಣಿಯವರು ಕಟ್ಟುವ ದುಡ್ಡು, ರಾಜ್ಯಕ್ಕೆ ಹೋಗುತ್ತದೆ. ಆದರೆ 2015ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಗಣಿ ಬಾಧಿತ ಊರುಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಬಂತು. ಹಳೆಯ ಗುತ್ತಿಗೆಯಾದರೆ ರಾಜಧನದ ಶೇ 30ರಷ್ಟು, ಹೊಸ ಹರಾಜಿನ ಗುತ್ತಿಗೆಯಾದರೆ ಶೇ 10ರಷ್ಟು ಮೊತ್ತವನ್ನು ಗಣಿಯವರು ಅದಕ್ಕೆ ಬೇರೆಯಾಗಿ ಕಟ್ಟಬೇಕು. ಅದು ಜಿಲ್ಲಾ ಮಟ್ಟದ ನಿಧಿ, ನಿಮ್ಮ ಪಂಚಾಯಿತಿಯ ಸ್ವಂತ ಆದಾಯ ಅಲ್ಲ.

ಹೆಜ್ಜೆ 3: ನಿಮ್ಮದೇ ಕಂದಾಯದ ರಸೀದಿ ಓದಿ

ಇಲ್ಲಿ ನಾನೂ ಮೋಸ ಹೋಗಿದ್ದೆ. ಕಟ್ಟಿದ್ದೆಲ್ಲ ಪಾಲಿಕೆಗೆ ಅಂತ ಎಷ್ಟೋ ವರ್ಷ ನಂಬಿದ್ದೆ. ರಸೀದಿಯಲ್ಲಿ ಆಸ್ತಿ ತೆರಿಗೆಯ ಕೆಳಗೆ ಕರಗಳ ಸಾಲು ಇರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ತೆರಿಗೆ ₹1,000 ಆದರೆ ಈ ಮೂರೂ ಸೇರಿ ₹240. ಈ ₹240ನ್ನು ಪಾಲಿಕೆ ವಸೂಲಿ ಮಾಡಿ, ವಸೂಲಿಯ ಖರ್ಚು ಇಟ್ಟುಕೊಂಡು, ಉಳಿದದ್ದನ್ನು ಆಯಾ ಕಡೆಗೆ ದಾಟಿಸಬೇಕು. ಅಂದರೆ ಪಾಲಿಕೆಯ ನಿಜವಾದ ದುಡ್ಡು ಆ ₹1,000, ಜೊತೆಗೆ ಕಸದ ಶುಲ್ಕ.

ಆ ತೆರಿಗೆ ನಿಂತಿರುವುದು ನಿಮ್ಮ ಆದಾಯದ ಮೇಲಲ್ಲ, ಜಾಗ ಮತ್ತು ಕಟ್ಟಡದ ಬೆಲೆಯ ಮೇಲೆ. ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ ಅದಕ್ಕೆ ಆಧಾರ. ಹಾಗಾಗಿ ವಿಚಿತ್ರ ಸಂಗತಿಗಳು ನಡೆಯುತ್ತವೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲವಿತ್ತು, ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಲೆಕ್ಕಕ್ಕೆ ಯಾವುದೋ ಒಂದು ಗಿರಣಿ ಮುಚ್ಚಿತು, ಆ ಜಾಗದಲ್ಲಿ ಮನೆ, ಮಳಿಗೆ ಎದ್ದವು ಅಂತಿಟ್ಟುಕೊಳ್ಳಿ. ಸಾವಿರ ಜನರ ಕೆಲಸ ಹೋದ ಜಾಗದಿಂದ ಪಾಲಿಕೆಗೆ ಮೊದಲಿಗಿಂತ ಜಾಸ್ತಿ ಕಂದಾಯ ಬರಬಹುದು! ದುಡಿಮೆ ಇಳಿದು ಕಂದಾಯ ಏರುವುದು ಹೀಗೆ. ಅದಕ್ಕೇ ಕಂದಾಯ ವಸೂಲಿ ಜಾಸ್ತಿಯಾಯಿತು ಅನ್ನುವ ಸುದ್ದಿ ಓದಿ ಊರಿಗೆ ಒಳ್ಳೆ ಕಾಲ ಬಂತು ಅಂದುಕೊಳ್ಳುವ ಹಾಗಿಲ್ಲ.

ಇನ್ನೊಂದು, ಎಲ್ಲ ಗೋಡೆಗೂ ಪೂರ್ತಿ ತೆರಿಗೆ ಇಲ್ಲ. ರೈಲ್ವೆ ನಿಲ್ದಾಣದಂಥ ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ರಕ್ಷಣೆ ಇದೆ. ದೇವಸ್ಥಾನ, ಮಸೀದಿಗಳಿಗೂ ವಿನಾಯಿತಿ ಇದೆ.

ಹೆಜ್ಜೆ 4: ಬಜೆಟ್ ಪುಸ್ತಕ ತೆರೆಯಿರಿ, ಆದರೆ ಮೊದಲ ಪುಟ ನಂಬಬೇಡಿ

ಬಜೆಟ್ ದಿನ ಪೇಪರಿನಲ್ಲಿ ಬರುವ ದೊಡ್ಡ ಅಂಕಿಯಲ್ಲಿ ಆರಂಭದ ಶಿಲ್ಕು ಸೇರಿರುತ್ತದೆ, ಕಳೆದ ವರ್ಷ ಖರ್ಚಾಗದೆ ಉಳಿದದ್ದು. ಅದನ್ನು ಕಳೆಯಿರಿ. ಠೇವಣಿ, ಸಾಲ, ವಸೂಲಿ ಮಾಡಿ ದಾಟಿಸಬೇಕಾದ ಕರ ಇವನ್ನೂ ಕಳೆಯಿರಿ. ಉಳಿದದ್ದನ್ನು ಎರಡು ಗುಡ್ಡೆ ಮಾಡಿ. ಒಂದು ಸ್ವಂತದ್ದು: ಆಸ್ತಿ ತೆರಿಗೆ, ನೀರು, ಪರವಾನಗಿ, ಮಳಿಗೆ ಬಾಡಿಗೆ, ಕಟ್ಟಡ ನಕ್ಷೆಯ ಶುಲ್ಕ, ಸಂತೆ ಸುಂಕ. ಇನ್ನೊಂದು ಮೇಲಿನಿಂದ ಬರುವುದು. ಸ್ವಂತದ್ದನ್ನು ಈ ಎರಡೂ ಗುಡ್ಡೆಗಳ ಒಟ್ಟು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿ. ನಿಮ್ಮ ಊರು ತನ್ನ ಕಾಲ ಮೇಲೆ ಎಷ್ಟು ನಿಂತಿದೆ ಅಂತ ಗೊತ್ತಾಗುವುದು ಈ ಒಂದು ಅಂಕಿಯಿಂದ.

ಅಂದಾಜಿನ ಕಾಲಂ ಓದಿ ಖುಷಿ ಪಡಬೇಡಿ, ವಾಸ್ತವದ ಕಾಲಂ ಓದಿ. ಆಮೇಲೆ ಡಿಸಿಬಿ ಅಂತ ಒಂದು ಪಟ್ಟಿ ಇರುತ್ತದೆ, ಬೇಡಿಕೆ, ವಸೂಲಿ, ಬಾಕಿ. ಬೇಡಿಕೆಯಲ್ಲಿ ಹಳೆ ಬಾಕಿಯೂ ಸೇರಿದೆಯಾ ನೋಡಿ. ಬರೀ ಈ ವರ್ಷದ ಬೇಡಿಕೆ ತೋರಿಸಿ ಶೇಕಡಾವಾರು ಚೆನ್ನಾಗಿ ಕಾಣಿಸುವುದು ತೀರಾ ಸುಲಭ.

ಹೆಜ್ಜೆ 5: ಮೇಲಿನಿಂದ ಬರುವ ದುಡ್ಡಿನ ಹಗ್ಗ ಎಲ್ಲಿ ಕಟ್ಟಿದೆ?

ಎಸ್‌ಎಫ್‌ಸಿ ಅಂತ ಇರುವುದು ರಾಜ್ಯ ಹಣಕಾಸು ಆಯೋಗದ ಅನುದಾನ. ಅದರಲ್ಲಿ ವೇತನ, ವಿದ್ಯುತ್, ಮುಕ್ತನಿಧಿ ಅಂತ ಬೇರೆ ಬೇರೆ ಸಾಲುಗಳಿರುತ್ತವೆ. ಸ್ವಂತ ಬುದ್ಧಿಯಿಂದ ಖರ್ಚು ಮಾಡಲು ಸಿಗುವುದು ಹೆಸರೇ ಹೇಳುವ ಹಾಗೆ ಮುಕ್ತನಿಧಿ. ಕೇಂದ್ರದ ಕಡೆಯಿಂದ 2021ರಿಂದ 2026ರವರೆಗಿನ ಲೆಕ್ಕ 15ನೇ ಹಣಕಾಸು ಆಯೋಗದ್ದು. ಹಳ್ಳಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಅಂತ ಅದು ಕಟ್ಟಿಹಾಕಿತ್ತು. ಜನಸಂಖ್ಯೆಗೆ ಹಿಡಿದದ್ದು 2011ರ ಜನಗಣತಿ. ಆ ಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4.3 ಲಕ್ಷ ದಾಟಿತ್ತು. ಅದಾದ ಮೇಲೆ ಕೂಲಿ ಹುಡುಕಿಕೊಂಡು ಬಂದು ನೆಲೆಸಿದವರು ರಸ್ತೆಯಲ್ಲಿ ಕಾಣುತ್ತಾರೆ, ಆ ಅನುದಾನದ ಲೆಕ್ಕದಲ್ಲಿ ಕಾಣಲಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲೇ ಇಲ್ಲವಲ್ಲ.

ಹೆಜ್ಜೆ 6: ಪಾಲಿಕೆ ತಾನೇ ಎಷ್ಟು ಜನಕ್ಕೆ ಕೆಲಸ ಕೊಡುತ್ತದೆ?

ರಾಜ್ಯದಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನುವ ಅಳತೆ ಇದೆ. 4.3 ಲಕ್ಷವನ್ನು 700ರಿಂದ ಭಾಗಿಸಿ, ಸುಮಾರು 614 ಬರುತ್ತದೆ. ಇದು ಹಳೆ ಗಣತಿಯ ಲೆಕ್ಕದಲ್ಲಿ ಇರಬೇಕಾದವರು. ನಿಜವಾಗಿ ಎಷ್ಟು ಜನ ಇದ್ದಾರೆ ಅಂತ ಬಜೆಟ್‌ನ ಸಿಬ್ಬಂದಿ ಪಟ್ಟಿಯಲ್ಲಿ ನೋಡಿ ಪಕ್ಕದಲ್ಲಿ ಬರೆಯಿರಿ, ಕಾಯಂ ಎಷ್ಟು, ಹೊರಗುತ್ತಿಗೆ ಎಷ್ಟು ಅಂತ ಬೇರೆ ಮಾಡಿ.

ಹಾಗೇ 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಜನಸಂಖ್ಯೆಯ ಶೇ 2.5ರವರೆಗೆ ಬೀದಿ ವ್ಯಾಪಾರಿಗಳಿಗೆ ಜಾಗ ಕೊಡುವ ಮಾತು ಅದರಲ್ಲಿದೆ. 4.3 ಲಕ್ಷಕ್ಕೆ ಅದು 10,750 ಆಗುತ್ತದೆ. ಮಿರ್ಚಿ ಗಾಡಿಗೆ ಗುರುತಿನ ಚೀಟಿ, ನಿಗದಿತ ಜಾಗ, ಒಂದು ಸಣ್ಣ ಶುಲ್ಕ. ದುಡಿಮೆಯೂ ಉಳಿಯುತ್ತದೆ, ಪಾಲಿಕೆಗೂ ಸ್ವಲ್ಪ ಬರುತ್ತದೆ. ನಾನು ಹೇಳಿದ ಎರಡು ಕಾಲುವೆಗಳು ನಿಜವಾಗಿ ಕೂಡುವ ಅಪರೂಪದ ಜಾಗ ಇದು. ಯಾವುದೇ ಊರಲ್ಲಿ ಗಾಡಿ ಎತ್ತಿಸುವಾಗ ಯಾರಾದರೂ ಈ ಕೂಡು ಲೆಕ್ಕ ಹಾಕುತ್ತಾರಾ ಅನ್ನುವುದು ನನ್ನ ಅನುಮಾನ.

ಹಳ್ಳಿಯವರಿಗೆ ಒಂದು ಮಾತು: ನಿಮ್ಮ ಕೆಲಸ ಇನ್ನೂ ಸುಲಭ. ಪಂಚಾಯಿತಿಯ ಜಮಾಬಂದಿ ದಿನ, ಅಂದರೆ ವರ್ಷದ ಲೆಕ್ಕವನ್ನು ಊರವರ ಎದುರು ಪರಿಶೀಲಿಸುವ ದಿನ, ಹೋಗಿ ಕೂತರೆ ಲೆಕ್ಕಪುಸ್ತಕ ಎದುರಿಗೇ ಇರುತ್ತದೆ.

ಹೆಜ್ಜೆ 7: ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ

ಮೊದಲು ಪಾಲಿಕೆಯ ವೆಬ್‌ಸೈಟ್ ನೋಡಿ, ಬಜೆಟ್ ಅಲ್ಲೇ ಸಿಗಬಹುದು. ಇಲ್ಲದಿದ್ದರೆ ₹10ರ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. "ಪಾಲಿಕೆಯ ಆದಾಯದ ಬಗ್ಗೆ ಎಲ್ಲ ಮಾಹಿತಿ ಕೊಡಿ" ಅಂತ ಬರೆದರೆ ಅರ್ಜಿ ಸುಮ್ನೆ ವಾಪಸ್ ಬರುತ್ತದೆ. "ಕಳೆದ ಮೂರು ಆರ್ಥಿಕ ವರ್ಷಗಳ ಆಸ್ತಿ ತೆರಿಗೆಯ ವಾರ್ಡ್‌ವಾರು ಬೇಡಿಕೆ, ವಸೂಲಿ, ಬಾಕಿ ಪಟ್ಟಿಯ ದೃಢೀಕೃತ ನಕಲು" ಅಂತ ಬರೆಯಿರಿ. ಪರವಾನಗಿ ಶುಲ್ಕಕ್ಕೆ ಇನ್ನೊಂದು ಅರ್ಜಿ, ಮಳಿಗೆ ಬಾಡಿಗೆಗೆ ಮತ್ತೊಂದು. ₹30 ಖರ್ಚಾಯಿತು, ಒಂದು ಪ್ಲೇಟ್ ಮಿರ್ಚಿ ಬಿಟ್ಟರಾಯಿತು.

ಪಟ್ಟಿ ಕೈಗೆ ಬಂದ ಮೇಲೆ ಮೊದಲ ಹೆಜ್ಜೆಯಲ್ಲಿ ಬರೆದ ಪುಟವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಜಾಸ್ತಿ ಜನ ದುಡಿಯುವ ವಾರ್ಡು ಯಾವುದು, ಜಾಸ್ತಿ ಕಂದಾಯ ಬರುವ ವಾರ್ಡು ಯಾವುದು, ಎರಡಕ್ಕೂ ಸುತ್ತು ಹಾಕಿ. ನಾನು ಹಾಕಿದ ಎರಡು ಸುತ್ತುಗಳು ಒಂದೇ ವಾರ್ಡಿನ ಮೇಲೆ ಬೀಳಲಿಲ್ಲ. ಆ ಹಿರಿಯರು ಮತ್ತೆ ಸಿಕ್ಕರೆ ತೋರಿಸೋಣ ಅಂತ ಹಾಳೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.